ಡೋಣಿ ರಾಜ್ಯದ ಎರಡು ಕೆಂಪು ಬಿಲ್ಲೆ

ಬಿಸಿಲುರಜೆಯ ನಲವತ್ತೊಂದನೆಯ ದಿನ, ಇಸವಿ 2194

ಡೋಣಿ ಹೊಳೆಯ ಎರಡೂ ದಂಡೆಗಳಲ್ಲಿ ಇಂದು ಬಾಳುತ್ತಿರುವ ನಿಮಗೆಲ್ಲ ಮಹಾನಂದಾ ತೇಲಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬರುತ್ತವೆ, ಗುರುತಿರುವ ಶಬ್ದಗಳೂ ಸ್ವಲ್ಪ ತುಕ್ಕು ಹಿಡಿದಿರಬಹುದು, ಮನ್ನಿಸಿ. ನಾನಿರುವ ಈ ಹಿಮದ ಕಣಿವೆಯಲ್ಲಿ ಕನ್ನಡ ಕಿವಿಗೆ ಬೀಳುವುದು ವಾರಕ್ಕೊಮ್ಮೆ ಪಡಿ ತರಲು ಹೋದಾಗ ಮಾತ್ರ, ಅದೂ ಈಚೆಗೆ ಕಡಿಮೆಯಾಗಿದೆ. ಹಿಂದಕ್ಕೆ ಹೋಗುವ ಟಪಾಲು ಇನ್ನೂ ಹುಟ್ಟಿಲ್ಲವೆಂಬುದು ನನಗೂ ಗೊತ್ತು. ಆದರೆ ಮುಂದೆ ಬರುವವರಿಗೆ ಬರೆಯೋಣವೆಂದರೆ ಡೋಣಿ ಎಂಬುದು ಹೊಳೆಯೋ ಊರೋ ಮನುಷ್ಯಳೋ ಎಂದು ಅವರಿಗೆ ತಿಳಿದಿರುವುದಿಲ್ಲ. ನಿಮಗೆ ತಿಳಿದಿದೆ. ಆ ಒಂದು ಕಾರಣಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಹೊಳೆಯ ಹೆಸರಿನಲ್ಲಿ ಒಂದು ರಾಜ್ಯವೇ ಇತ್ತು. ಅದು ಹುಟ್ಟಿದಾಗ ಇಪ್ಪತ್ತೆರಡು ಲಕ್ಷ ಜನರಿದ್ದರಂತೆ. ನಾನು ಅಲ್ಲಿಯ ಮತಾಧಿಕಾರಿಯಾಗುವ ಹೊತ್ತಿಗೆ ಸಾವಿರದೊಳಗೆ ಬಂದಿದ್ದರು, ಕೊನೆಯ ಚುನಾವಣೆಗೆ ಮತದಾರರ ಪಟ್ಟಿಯಲ್ಲಿದ್ದವರು ಮುನ್ನೂರ ಒಂಬತ್ತು. ಬಿಸಿಲು ಹಾಗಿತ್ತು. ವರ್ಷದಲ್ಲಿ ನೂರು ದಿನ ಹಗಲು ಹೊರಗೆ ಕಾಲಿಡಬಾರದೆಂದು ಕಾನೂನೇ ಇತ್ತು, ಅದಕ್ಕೆ ಬಿಸಿಲುರಜೆ ಎನ್ನುತ್ತಿದ್ದೆವು. ಎರಡಾಳು ಆಳಕ್ಕೆ ನೆಲ ತೋಡಿ ಇಳಿಮನೆಗಳನ್ನು ಕಟ್ಟಿಕೊಂಡಿದ್ದೆವು. ಎರೆಮಣ್ಣಿನ ಗೋಡೆಗೆ ಬೆನ್ನು ಹಚ್ಚಿ ಕುಳಿತರೆ ಮೇಲೆ ಬೆಂಕಿ ಸುರಿಯುತ್ತಿದೆಯೆಂಬುದೇ ಮರೆತುಹೋಗುತ್ತಿತ್ತು. ನೀರು ಎಂಟು ದಿನಕ್ಕೊಮ್ಮೆ ಕೊಳವೆಯಲ್ಲಿ ಬರುತ್ತಿತ್ತು. ಜೋಳವನ್ನು ನೆಲದಡಿಯ ದೀಪದ ಬೆಳಕಿನಲ್ಲೇ ಬೆಳೆಯುತ್ತಿದ್ದೆವು. ಮೊಣಕಾಲೆತ್ತರದ ದಂಟು, ಕೈಬೆರಳುದ್ದದ ತೆನೆ. ರೊಟ್ಟಿ ಮಾತ್ರ ರೊಟ್ಟಿಯೇ. ಈ ಕಣಿವೆಯಲ್ಲಿ ಬಾರ್ಲಿ ಕೊಡುತ್ತಾರೆ. ಅದನ್ನು ತಟ್ಟಿದರೆ ಅಂಚೆಲ್ಲ ಸೀಳುತ್ತದೆ.

ರಾಷ್ಟ್ರಪತಿಯನ್ನು ನಿಮ್ಮ ಕಾಲದಲ್ಲಿ ಶಾಸಕರು, ಸಂಸದರು ಸೇರಿ ಆರಿಸುತ್ತಿದ್ದರೆಂದು ಓದಿದ್ದೇನೆ. ನಮ್ಮಲ್ಲಿ ಜನರೇ ಆರಿಸುತ್ತಾರೆ. ರಾಜ್ಯದಲ್ಲಿ ಹೆಚ್ಚು ಜನ ಯಾರನ್ನು ಆರಿಸುತ್ತಾರೋ ಅವರಿಗೆ ಆ ರಾಜ್ಯದ ಒಂದೇ ಮತ. ಮೂರು ಕೋಟಿ ಜನರ ರಾಜ್ಯಕ್ಕೂ ಒಂದು, ನಮ್ಮ ಡೋಣಿಗೂ ಒಂದು. ಯಂತ್ರಗಳ ಮೇಲೆ ನಂಬಿಕೆ ಹೋದ ಮೇಲೆ ಹಸಿಮಣ್ಣಿನ ಬಿಲ್ಲೆಗಳು ಬಂದವು. ಪ್ರತಿಯೊಬ್ಬರ ಕೈಗೆ ಒಂದು ಕೆಂಪು, ಒಂದು ಕಪ್ಪು ಬಿಲ್ಲೆ ಕೊಡುತ್ತೇವೆ. ಪರದೆಯ ಹಿಂದೆ ಹೋಗಿ, ಬೇಕಾದ ಬಣ್ಣದ್ದನ್ನು ಪೆಟ್ಟಿಗೆಗೆ ಹಾಕಿ, ಬೇಡವಾದುದನ್ನು ನೀರಿನ ಹರವಿಗೆ ಹಾಕಿಬಿಡಬೇಕು. ಅದು ಅಲ್ಲೇ ಕರಗಿಹೋಗುತ್ತದೆ. ಯಾರು ಏನು ಬೇಡವೆಂದರೆಂಬುದು ಯಾರಿಗೂ ತಿಳಿಯದು.

2188ರ ಚುನಾವಣೆಯಲ್ಲಿ ಇಬ್ಬರು ನಿಂತಿದ್ದರು. ನಿರ್ಮಲ್ ಹಂಸ್ದಾ ಅವರದು ಕೆಂಪು. ಎಷ್ಟೇ ಸಣ್ಣ ರಾಜ್ಯವಾದರೂ ಅದರ ಕೊಳವೆಗೆ ನೀರು ಬಿಡುತ್ತೇನೆ ಎಂದಿದ್ದರು. ತರುಲತಾ ಹಜಾರಿಕಾ ಅವರದು ಕಪ್ಪು. ಸಾವಿರಕ್ಕಿಂತ ಕಡಿಮೆ ಜನರಿರುವ ರಾಜ್ಯಗಳನ್ನು ಮುಚ್ಚಿ, ಅಲ್ಲಿದ್ದವರಿಗೆಲ್ಲ ತಂಪಿನ ಪ್ರದೇಶದಲ್ಲಿ ಮನೆ ಕೊಡುತ್ತೇನೆ ಎಂದಿದ್ದರು. ದೊಡ್ಡ ರಾಜ್ಯಗಳಲ್ಲಿ ಜನ ಬೇರೆ ನೂರು ವಿಷಯ ಮಾತಾಡಿದರು. ಡೋಣಿಯಲ್ಲಿ ಇದ್ದದ್ದು ಒಂದೇ: ಇರುವುದೋ, ಹೋಗುವುದೋ.

ನನಗೆ ಇರುವುದಿತ್ತು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಇಪ್ಪತ್ತಾರು ವರ್ಷ ಆ ಇಳಿಮನೆಗಳ ಮೆಟ್ಟಿಲು ಇಳಿದು ಹತ್ತಿ, ಹೆಸರು ಕರೆದು, ಹುಟ್ಟಿದವರನ್ನು ಜನರ ಪಟ್ಟಿಗೆ ಸೇರಿಸಿ, ಸತ್ತವರನ್ನು ತೆಗೆದು, ಅದನ್ನೇ ಸಂಸಾರವೆಂದುಕೊಂಡಿದ್ದೆ. ನನ್ನ ಜೊತೆ ಪೆಟ್ಟಿಗೆ ಹೊತ್ತು ತಿರುಗಿದವರು ಲಾಡ್ಲೆಸಾಬ ನದಾಫ. ನನಗಿಂತ ನಾಲ್ಕು ವರ್ಷ ದೊಡ್ಡವರು, ಆದರೂ ಅಕ್ಕಾರ ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಮಕ್ತುಂಬಿಗೆ ಬಿಸಿಗಾಳಿಯಿಂದ ಎದೆ ಕೆಟ್ಟಿತ್ತು. ಮಾತಿನ ನಡುನಡುವೆ ನಿಂತು ಉಸಿರನ್ನು ಹುಡುಕಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ಅವರ ಮನೆಯಲ್ಲಿ ಉಂಡಿದ್ದೇನೆ.

ಚುನಾವಣೆಗೆ ಮುಂಚಿನ ತಿಂಗಳು ಮನೆಮನೆಗೆ ಹೋಗಿ ಪಟ್ಟಿ ತಿದ್ದಿದೆವು. ನಾನು ಯಾರನ್ನೂ ಏನೂ ಕೇಳಲಿಲ್ಲ, ಕೇಳಬಾರದು. ಆದರೆ ಅವರೇ ಹೇಳುತ್ತಿದ್ದರು. ಗುರಪಾದಪ್ಪ ಬಿರಾದಾರ ಎಂಬ ಹಿರಿಯರು ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟು, "ಎಲ್ಲಿ ಹೋಗೂದ್ರಿ ಅಕ್ಕಾರ? ಹುಟ್ಟಿದ್ದು ಇಲ್ಲೆ, ಮಣ್ಣಾಗೂದು ಇಲ್ಲೆ," ಎಂದರು. ಮುಂದಿನ ಮನೆಯ ಬಾಯಕ್ಕ, "ನೀವು ಇರೂ ತನಕಾ ನಾವೂ ಇರ್ತೀವಿ ತಗೋರಿ," ಎಂದಳು. ಮನೆಮನೆಯಲ್ಲೂ ಇಂಥದೇ ಮಾತು. ದಾರಿಯಲ್ಲಿ ನಾನು ಲಾಡ್ಲೆಸಾಬರಿಗೆ, "ಡೋಣಿ ಉಳಿತೈತಿ ನೋಡ್ರಿ," ಎಂದೆ. ಅವರು ಪೆಟ್ಟಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದರು.

ಮತದಾನ ಬೆಳಗಿನ ತಂಪಿನಲ್ಲೇ ಮುಗಿಯಿತು. ಮುನ್ನೂರ ನಾಲ್ಕು ಜನ ಹಾಕಿದರು, ಉಸಿರು ಸಾಲದ ಮಕ್ತುಂಬಿಯನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದರು. ಎಣಿಕೆ ಹಳೆಯ ಬಾವಡಿಯಲ್ಲಿ. ನಿಮ್ಮ ಕಾಲದಲ್ಲಿ ಅದರಲ್ಲಿ ನೀರಿತ್ತಂತೆ. ನಮ್ಮ ಕಾಲಕ್ಕೆ ಅದು ಒಣಗಿ, ಸುತ್ತಲ ಮೆಟ್ಟಿಲುಗಳು ಜನ ಕೂರುವ ಜಾಗವಾಗಿದ್ದವು. ಬಿಸಿಲಿಳಿದ ಮೇಲೆ ಎಲ್ಲರೂ ಬಂದು ಕುಳಿತರು. ನಾನು ಬಿಳಿ ಬಟ್ಟೆ ಹಾಸಿ ಪೆಟ್ಟಿಗೆ ಬೋರಲು ಹಾಕಿದೆ.

ಬಟ್ಟೆಯ ಮೇಲೆ ಎರೆಹೊಲದ ತುಂಡೊಂದು ಬಿದ್ದ ಹಾಗಿತ್ತು. ಪೂರಾ ಕಪ್ಪು. ನಾನು ಪೆಟ್ಟಿಗೆಯನ್ನು ಎತ್ತಿ ಅಲ್ಲಾಡಿಸಿದೆ, ಒಳಗೆ ಕೆಂಪಿನವು ಅಂಟಿಕೊಂಡಿರಬೇಕೆಂದು ಕೈ ಹಾಕಿ ನೋಡಿದೆ. ಇರಲಿಲ್ಲ. ರಾಶಿಯನ್ನು ಕೆದಕಿದಾಗ ಒಂದು ಕೆಂಪು ಸಿಕ್ಕಿತು. ಅದು ನನ್ನದೆಂದು ಗೊತ್ತಿತ್ತು. ಉಳಿದುದನ್ನು ಎಣಿಸುತ್ತ ಹೋದಂತೆ ಇನ್ನೊಂದು ಸಿಕ್ಕಿತು. ನಿಯಮದ ಪ್ರಕಾರ ಎದ್ದು ನಿಂತು, ಗಟ್ಟಿಯಾಗಿ, ಮೂರು ಸಲ ಓದಿದೆ: ಹಜಾರಿಕಾ ಮುನ್ನೂರ ಎರಡು, ಹಂಸ್ದಾ ಎರಡು. ಮೆಟ್ಟಿಲುಗಳ ಮೇಲೆ ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಗುರಪಾದಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದರು. ಬಾಯಕ್ಕ ನೆಲ ನೋಡುತ್ತಿದ್ದಳು. ಎಲ್ಲರೂ ಒಬ್ಬೊಬ್ಬರಾಗಿ, ನನ್ನ ಕಡೆ ನೋಡದೆ, ಮೆಟ್ಟಿಲು ಹತ್ತಿ ಹೋದರು. ನನಗೆ ಸಿಟ್ಟು ಬಂದದ್ದು ಅವರು ಹೋಗಬಯಸಿದ್ದಕ್ಕಲ್ಲ. ಮಕ್ಕಳ ಚರ್ಮ ಸುಡುವ ಊರು ಬಿಡಬೇಕೆನ್ನುವುದು ಯಾವ ತಪ್ಪು? ನನ್ನ ಮನಸ್ಸು ನೋಯಬಾರದೆಂದು ಎಲ್ಲರೂ ತಿಂಗಳಿಡೀ ಸುಳ್ಳು ಹೇಳಿದ್ದರು. ಅವರಿಗೆಲ್ಲ ಒಬ್ಬರದು ಒಬ್ಬರಿಗೆ ಗೊತ್ತಿದ್ದಿರಬೇಕು. ಗೊತ್ತಿಲ್ಲದವಳು ನಾನೊಬ್ಬಳೇ.

ಒಬ್ಬಳೇ ಅಲ್ಲ, ಎರಡು ಬಿಲ್ಲೆ ಇದ್ದವಲ್ಲ. ಬಟ್ಟೆ ಮಡಚುತ್ತಿದ್ದ ಲಾಡ್ಲೆಸಾಬರನ್ನು, ಯಾರನ್ನೂ ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟೆ.

"ಇನ್ನೊಂದು ನಿಮ್ದ ಹೌದಲ್ರಿ?"

ಅವರು ಮಡಚಿದ ಬಟ್ಟೆಯನ್ನು ಕೆಳಗಿಟ್ಟರು. "ನೀವು ಕೇಳಬಾರದಿತ್ತು ಅಕ್ಕಾರ. ಕೇಳೀರಿ, ಹೇಳ್ತೀನಿ. ನಂದಲ್ರಿ. ನಾ ಕಪ್ಪು ಹಾಕೀನಿ. ಮಕ್ತುಂಬಿ ಉಸಿರು ನೀವೂ ನೋಡೀರಲ್ಲ."

ನಾನು ಮೆಟ್ಟಿಲು ಹತ್ತಿದೆ. ಅವರ ಜೊತೆ ನಾನು ಆಡಿದ ಕೊನೆಯ ಮಾತು ಆ ಪ್ರಶ್ನೆ.

ದೇಶದ ಲೆಕ್ಕ ಬಂದಾಗ ನಲವತ್ತೊಂದು ರಾಜ್ಯಗಳಲ್ಲಿ ಇಪ್ಪತ್ತೊಂದು ಹಜಾರಿಕಾ ಅವರಿಗೆ, ಇಪ್ಪತ್ತು ಹಂಸ್ದಾ ಅವರಿಗೆ. ಡೋಣಿ ಆಚೆ ವಾಲಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ನಮ್ಮಂತೆಯೇ ಇನ್ನೂ ಆರು ಸಣ್ಣ ರಾಜ್ಯಗಳನ್ನು ಮುಚ್ಚಿದರು. ಅವುಗಳಲ್ಲಿ ನಾಲ್ಕು, ಇರುವುದಕ್ಕೆಂದು ಕೆಂಪು ಹಾಕಿದ್ದವು. ಅಲ್ಲಿಯವರು ಇಂದಿಗೂ ನಮ್ಮ ಮುಖ ನೋಡಿದರೆ ಆಚೆ ತಿರುಗುತ್ತಾರೆ. ಮರುವರ್ಷ ಬಂಡಿಗಳು ಬಂದವು, ನಾಲ್ಕು ದಿನದ ದಾರಿ. ಲಾಡ್ಲೆಸಾಬರ ಮನೆಯವರು ಎರಡನೆಯ ಬಂಡಿಯಲ್ಲಿ ನನಗೂ ಜಾಗ ಹಿಡಿದಿದ್ದರು. ನಾನು ಒಂಬತ್ತನೆಯದರಲ್ಲಿ ಕುಳಿತೆ.

ಕಣಿವೆಯಲ್ಲಿ ಮನೆಗಳು ಇಳಿಜಾರಿನ ಮೇಲೆ ಸಾಲಾಗಿ ಇವೆ. ನಮ್ಮವರನ್ನು ಒಂದೇ ಕಡೆ ಇಡಲಿಲ್ಲ, ಎಲ್ಲಿ ಖಾಲಿಯಿತ್ತೋ ಅಲ್ಲಿಟ್ಟರು. ನನಗೆ ಮೇಲಿನ ಸಾಲು. ನೆರೆಯವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಬೆಳಿಗ್ಗೆ ಕೈ ಎತ್ತಿ ಒಬ್ಬರಿಗೊಬ್ಬರು ನಗುತ್ತೇವೆ, ಅಷ್ಟಕ್ಕೆ ದಿನದ ಮಾತು ಮುಗಿಯುತ್ತದೆ. ಮೊದಲ ಹಿಮ ಬಿದ್ದ ವಾರ ಗುರಪಾದಪ್ಪ ಏದುಸಿರು ಬಿಡುತ್ತ ನನ್ನ ಬಾಗಿಲಿಗೆ ಬಂದರು. ಬಹಳ ಹೊತ್ತು ಕುಳಿತು, ಏಳುವಾಗ, "ಆ ಇನ್ನೊಂದು ಬಿಲ್ಲೆ ನಂದ ಅಕ್ಕಾರ. ನಿಮ್ಮ ಸಲುವಾಗಿ ಹಾಕಿದ್ನಿ. ಯಾರ ಮುಂದೂ ಹೇಳಬ್ಯಾಡ್ರಿ," ಎಂದರು. ಆ ರಾತ್ರಿ ಎಷ್ಟೋ ದಿನಗಳ ಮೇಲೆ ನನಗೆ ನಿದ್ದೆ ಬಂತು. ಹದಿನೈದು ದಿನಕ್ಕೆ ಬಾಯಕ್ಕ ಬಂದಳು. ಅವಳೂ ಅದನ್ನೇ ಹೇಳಿದಳು: "ನಿಮ್ಮ ಸಲುವಾಗಿ." ಹೀಗೆ ಹನ್ನೊಂದು ತಿಂಗಳಲ್ಲಿ ಹದಿನಾಲ್ಕು ಜನ ಬಂದು, ಆ ಒಂದೇ ಬಿಲ್ಲೆಯನ್ನು ತಮ್ಮದೆಂದರು. ಎಲ್ಲರಿಗೂ ಚಹಾ ಕೊಟ್ಟೆ, ಎಲ್ಲರ ಕೈ ಹಿಡಿದು ಉಪಕಾರ ಎಂದೆ. ಅದು ಪ್ರೀತಿಯೆಂದು ನನಗೆ ತಿಳಿಯದೆ ಇಲ್ಲ. ಆದರೆ ಪ್ರತಿಯೊಬ್ಬರೂ ಹೋದ ಮೇಲೆ ಮನೆ ಮೊದಲಿಗಿಂತ ಖಾಲಿಯಾಗುತ್ತಿತ್ತು. ಸುಳ್ಳು ಹೇಳದ ಒಬ್ಬರು ಕೆಳಗಿನ ಸಾಲಿನಲ್ಲಿದ್ದರು. ಇಳಿದು ಹೋಗಲು ನೂರು ಹೆಜ್ಜೆ. ನಾನು ಹೋಗಲಿಲ್ಲ. ನಾಳೆ ಎನ್ನುತ್ತಿದ್ದೆ, ಹಿಮ ಕರಗಲಿ ಎನ್ನುತ್ತಿದ್ದೆ, ಅವರೇ ಬರಲಿ ಎನ್ನುತ್ತಿದ್ದೆ.

ತಂಪು ಮಕ್ತುಂಬಿಯ ಎದೆಗೆ ಹಿಡಿಸಿತು. ಲಾಡ್ಲೆಸಾಬರಿಗೆ ಹಿಡಿಸಲಿಲ್ಲ. ನೆಗಡಿ ಎಂದರು, ಜ್ವರ ಎಂದರು, ಐದನೆಯ ದಿನ ಹೋಗಿಬಿಟ್ಟರು. ಮಣ್ಣಿಗೆ ಹೋದವರ ಹಿಂದೆ ದೂರದಲ್ಲಿ ನಿಂತಿದ್ದೆ. ಮೂರನೆಯ ದಿನ ಅವರ ಮನೆಯ ಬಾಗಿಲು ತಟ್ಟಿದೆ. ಮಕ್ತುಂಬಿ ಗೋಡೆಗೆ ಒರಗಿ ಕುಳಿತಿದ್ದರು.

"ಬರ್ರಿ ಅಕ್ಕಾರ," ಎಂದರು. "ಇವತ್ತ ಬರ್ತೀರಿ, ನಾಳಿ ಬರ್ತೀರಿ ಅಂತ ಹನ್ನೊಂದು ತಿಂಗಳಾತು. ಆ ದಿಬ್ಬ ಹತ್ತೂದು ನನ್ನ ಕೈಲೆ ಆಗೂದಿಲ್ರಿ."

ನಾನು ನೆಲದ ಮೇಲೆ ಕುಳಿತು ಅತ್ತೆ. ಅವರೇ ನನ್ನನ್ನು ಸಮಾಧಾನ ಮಾಡಿದರು. ಆಮೇಲೆ, ಉಸಿರು ಕೂಡಿಸಿಕೊಂಡು, "ಆ ಎರಡನೇ ಬಿಲ್ಲೆ ನಂದ್ರಿ," ಎಂದರು.

ಹದಿನೈದನೆಯವರು ಎಂದುಕೊಂಡೆ. "ನನ್ನ ಸಲುವಾಗಿ ಹಿಂಗ ಹೇಳಬ್ಯಾಡ್ರಿ ಮಕ್ತುಂಬಿ. ಸಾಕಾಗೇತಿ."

"ನಿಮ್ಮ ಸಲುವಾಗಿ ಯಾಕ ಹೇಳ್ಲಿ? ಆವತ್ತ ನೀವು ನನ್ನ ನೆನಪಿಗೂ ಬಂದಿಲ್ಲ. ನನ್ನ ಕೂಸು ಅಲ್ಲಿ ಮಣ್ಣಾಗ ಐತ್ರಿ. ಹದಿನೆಂಟು ದಿನದ್ದು. ಅದನ್ನ ಬಿಟ್ಟು ಹೆಂಗ ಬರ್ಲಿ? ಉಸಿರು ಹ್ವಾದ್ರ ಹೋಗ್ಲಿ ಅಂತ ಕೆಂಪು ಹಾಕಿದೆ."

ಆ ಕೂಸು ನನ್ನ ಪಟ್ಟಿಗೆ ಬಂದಿರಲೇ ಇಲ್ಲ. ನಾನು ಆ ಕೆಲಸಕ್ಕೆ ಸೇರುವ ಮುಂಚಿನ ಮಾತು. ಎಷ್ಟೋ ವರ್ಷ ಅವರ ಕೈಯ ಊಟ ಉಂಡವಳು, ಒಮ್ಮೆಯೂ ಕೇಳಿರಲಿಲ್ಲ.

"ಅವರಿಗೆ ಗೊತ್ತಿತ್ತೇನ್ರಿ?" ಎಂದೆ.

"ಬಂಡಿ ಹತ್ತಿದ ದಿನಾನ ಹೇಳಿದೆ. ಬಾಳ ಅತ್ರು. ಅಕ್ಕಾರಿಗೆ ಹೇಳಿಬರ್ರಿ, ಅವರ ಸಿಟ್ಟರೆ ಇಳಿಲಿ ಅಂದೆ. ಒಬ್ಬರ ಓಟು ಇನ್ನೊಬ್ಬರು ಹೇಳಬಾರದು, ಅಕ್ಕಾರನ ಕಲಿಸ್ಯಾರ ಅಂದ್ರು."

ಅಂದಿನಿಂದ ಮಕ್ತುಂಬಿಯೂ ನಾನೂ ಒಂದೇ ಮನೆಯಲ್ಲಿದ್ದೆವು. ನಾಲ್ಕು ಚಳಿಗಾಲ. ಸಂಜೆ ಅವರು ಡೋಣಿಯ ಓಣಿಗಳ ಹೆಸರು ಹೇಳುತ್ತಿದ್ದರು, ನಾನು ಆ ಓಣಿಯ ಮನೆಗಳಲ್ಲಿದ್ದವರ ಹೆಸರು ಹೇಳುತ್ತಿದ್ದೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಿದ್ದೆವು. ಹೋದ ತಿಂಗಳು ಅವರೂ ಹೋದರು. ಸತ್ತವರ ಮತದ ಗುಟ್ಟು ಕಾಯಬೇಕೆಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ಅದಕ್ಕೆ ನಿಮಗೆ ಹೇಳಿದೆ. ಈಗ ಓಣಿಯ ಹೆಸರನ್ನೂ ನಾನೇ ಹೇಳುತ್ತೇನೆ, ಮನೆಯವರ ಹೆಸರನ್ನೂ ನಾನೇ. ತಪ್ಪಿದರೆ ತಿದ್ದುವವರಿಲ್ಲ.

ನೀವು ಯಾರಿಗೆ ಮತ ಹಾಕಬೇಕೆಂದು ಹೇಳಲು ಇದನ್ನು ಬರೆಯಲಿಲ್ಲ. ಮುನ್ನೂರ ಎರಡು ಜನ ತಪ್ಪು ಮಾಡಿದರೆಂದು ನಾನಿಂದು ಅನ್ನಲಾರೆ. ಅವರ ಮಕ್ಕಳು ಹಗಲಿನಲ್ಲಿ ಹೊರಗೆ ಆಡುತ್ತಾರೆ, ಕಿಟಕಿಯಿಂದ ಕಾಣುತ್ತದೆ. ನನ್ನ ಬೇಡಿಕೆ ಸಣ್ಣದು. ನಿಮಗೆ ಬೇಡವಾದ ನಿಜವನ್ನು ಯಾರಾದರೂ ನಿಮ್ಮ ಮುಖಕ್ಕೆ ಹೇಳಿದರೆ, ಸಿಟ್ಟು ಮಾಡಿ, ಜಗಳಾಡಿ, ಆದರೆ ಆ ದಿನದ ಊಟ ಅವರ ಮನೆಯಲ್ಲೇ ಮಾಡಿ. ಹೊಟ್ಟೆ ಒಲ್ಲೆ ಎಂದರೂ ಒಂದು ತುತ್ತು ಉಂಡು ಬನ್ನಿ.

ಇನ್ನು ಸಾಕು. ಶರಣು.