ಮೂರು ಇಂಚಿನ ಸುಳ್ಳು

ಗಾಂಧಿನಗರ, ಬಳ್ಳಾರಿ
೨೨ ಏಪ್ರಿಲ್ ೨೦೨೫

ಕರೂರಿನಲ್ಲಿರುವ ನನ್ನ ಸುನಂದಕ್ಕನಿಗೆ,

ನಿನ್ನ ತಂಗಿ ಅಕ್ಷತಾ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಮನೆಗೆ ಹಾಕದೆ ನಿನ್ನ ಅಂಗನವಾಡಿಯ ವಿಳಾಸಕ್ಕೆ ಹಾಕಿದ್ದೇನೆ. ಮನೆಯಲ್ಲಾದರೆ ಒಲೆ ಹತ್ತಿರ. ಅಲ್ಲಿ ಮಕ್ಕಳ ಮುಂದೆ ನೀನು ಏನನ್ನೂ ಹರಿಯುವುದಿಲ್ಲ ಎಂದು ನನ್ನ ನಂಬಿಕೆ. ದಸರೆ ಕಳೆದ ಮೇಲೆ ಆರು ತಿಂಗಳಾಯಿತು, ನಾವಿಬ್ಬರೂ ಮಾತಾಡಿಲ್ಲ. ಇದನ್ನು ಓದಿದ ಮೇಲಾದರೂ ನೀನು ನನ್ನೊಡನೆ ಮಾತಾಡಬೇಕು, ಬೈಯಲಿಕ್ಕಾದರೂ ಸರಿ. ಅಷ್ಟಕ್ಕಾಗಿಯೇ ಬರೆಯುತ್ತಿದ್ದೇನೆ.

ನೇರವಾಗಿ ವಿಷಯಕ್ಕೆ ಬರಲು ಧೈರ್ಯ ಸಾಲದು. ನನಗೆ ಗೊತ್ತಿರುವುದು ಚಪ್ಪಲಿ, ಅಲ್ಲಿಂದಲೇ ಶುರು ಮಾಡುತ್ತೇನೆ. "ಕಾಲಿಗೆ ಹಾಕೋದನ್ನ ತಲಿಗೆ ಹಾಕ್ಕೊಂಡು ಕುಂತೀಯಲ್ಲಲೇ" ಎಂದು ನೀನು ನಗುತ್ತಿದ್ದೆ. ಇನ್ನೂ ಹಾಗೇ ಕೂತಿದ್ದೇನೆ.

ಹೆಂಗಸರ ಚಪ್ಪಲಿ ಮಾರುವವರಿಗೆ ಕ್ಯಾಲೆಂಡರ್ ಬೇಕಿಲ್ಲ ಅಕ್ಕ. ಯುಗಾದಿ ದಾಟಿದರೆ ಬಳ್ಳಾರಿಯ ಡಾಂಬರು ಮೆತ್ತಗಾಗುತ್ತದೆ. ಪೆನ್ಸಿಲ್ ಹೀಲ್ ಹಾಕಿದವರು ರಸ್ತೆಗೆ ತೂತು ಕೊರೆಯುತ್ತ ಹೋಗಬೇಕು, ಹಾಗಾಗಿ ಈಗ ಎಲ್ಲರೂ ದಪ್ಪ ಬ್ಲಾಕ್ ಹೀಲ್ ಕೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ಸಿರುಗುಪ್ಪದ ಕಡೆಯವರು ಬಂದರೆ ನಾನು ಎತ್ತರದ್ದನ್ನು ತೋರಿಸುವುದೇ ಇಲ್ಲ. ಎರೆಮಣ್ಣು ಹಿಮ್ಮಡಿ ಹಿಡಿದರೆ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಹರಳು ಕೂರಿಸಿದ್ದು, ಮದುವೆಯ ದಿನಗಳಿಗೆ ಬಂಗಾರದ ಬಣ್ಣದ್ದು. ಈ ವರ್ಷ ಎತ್ತರವೇ ಇಳಿದಿದೆ. ಒಂದೂವರೆ ಇಂಚಿನ ಕಿಟನ್ ಹೀಲ್, ಚೌಕ ಮೂತಿ, ಪಾದದ ಮೇಲೆ ಇದೆಯೋ ಇಲ್ಲವೋ ಎನ್ನುವಂಥ ಗಾಜಿನಂಥ ಪಟ್ಟಿ. ಚೆಂದ ಇದೆ. ಆದರೂ ನನ್ನ ಮನಸ್ಸು ಮೂರು ಇಂಚಿನದ್ದರ ಮೇಲೆಯೇ.

ಹೀಲ್ ಎಂದರೆ ಹೆಣ್ಣಿನ ಕಾಲಿಗೆ ಮಾರುಕಟ್ಟೆ ಹಾಕಿದ ಬೇಡಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಹಂಚಿದ ಒಂದು ಕರಪತ್ರದಲ್ಲಿತ್ತು. ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ನನ್ನ ಕೋಣೆಯ ಗೋಡೆಗೆ, ಉಳಿದ ಕರಪತ್ರಗಳ ಪಕ್ಕಕ್ಕೆ ಅಂಟಿಸಿದೆ. ಮರುದಿನ ಊಟದ ಹೊತ್ತಿನಲ್ಲಿ ಶಟರ್ ಅರ್ಧ ಇಳಿಸಿ, ಹೊಸದಾಗಿ ಬಂದ ಮಾಲು ಹಾಕಿಕೊಂಡು ಕನ್ನಡಿಯ ಮುಂದೆ ಹತ್ತು ಸಲ ಓಡಾಡಿದೆ. ಎರಡೂ ನಾನೇ. ಆ ಎತ್ತರದಲ್ಲಿ ನಿಂತರೆ ಚೌಕಾಸಿ ಮಾಡುವ ಗಂಡಸಿನ ಕಣ್ಣು ನನ್ನ ಕಣ್ಣಿಗೆ ಸರಿಯಾಗಿ ಬರುತ್ತದೆ. ಸಮಾನತೆ ಇಷ್ಟೇ ದೂರದಲ್ಲಿದೆ, ಮೂರು ಇಂಚು, ಎಂದು ನಂಬಿದ್ದೆ. ಗಿರಾಕಿಗಳಿಗೂ ಹೇಳುತ್ತಿದ್ದೆ. ಮಾಲೀಕ ವೆಂಕಣ್ಣ ಒಂದು ದಿನ, "ಏನಮ್ಮಾ, ಆ ಮೇಡಮ್ಮು ಆರನೇ ನಂಬರ್ ಕೇಳಿದ್ರು, ನೀನು ಸಮಾನತೆ ಕೊಟ್ಟು ಕಳಿಸಿದಿ" ಎಂದರು.

ಇದೇ ಹುಚ್ಚನ್ನು ನಿನ್ನ ತಲೆಗೂ ಕಟ್ಟಿದೆ.

ಕುರುಗೋಡಿನ ಸಂಬಂಧ ತಂದ ಪಕ್ಕೀರಪ್ಪಜ್ಜ, ಹುಡುಗಿ ಸ್ವಲ್ಪ ಎತ್ತರ ಇರಬೇಕಂತೆ ಎಂದಾಗ ನನ್ನ ಮೈ ಉರಿಯಿತು. ಹೆಣ್ಣು ತೋರಿಸುವುದನ್ನೇ ನಾನು ಒಪ್ಪುವವಳಲ್ಲ. ಅನ್ಯಾಯದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ ತಪ್ಪಿಲ್ಲ ಎಂದು ನಿನ್ನೊಡನೆ ವಾದಿಸಿದೆ. "ನಾ ಐದಡಿನ ಸಾಕವಾ, ಮ್ಯಾಲ ಏನೈತಿ" ಎಂದು ನೀನು ಬೇಡಿಕೊಂಡರೂ ಕೇಳಲಿಲ್ಲ. ಅಂಗಡಿಯಿಂದ ಮೂರು ಇಂಚಿನದ್ದನ್ನು ತಂದೆ, ಸೀರೆಯಲ್ಲಿ ಮುಚ್ಚಿ ಸಿರುಗುಪ್ಪದ ಸ್ಟುಡಿಯೋದಲ್ಲಿ ಫೋಟೊ ತೆಗೆಸಿದೆ, ಕೆಳಗೆ ಐದು ಅಡಿ ಮೂರು ಇಂಚು ಎಂದು ನನ್ನ ಕೈಯಾರೆ ಬರೆದೆ.

ಹುಡುಗನ ಮನೆಯವರು ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲೇ ನೋಡೋಣ ಎಂದಾಗಲೂ ನನಗೆ ಹೊಳೆಯಲಿಲ್ಲ. ಎರಡು ವರ್ಷ ದಿನಕ್ಕೆ ಹತ್ತಾರು ಹೆಂಗಸರ ಕಾಲಿಗೆ ಹೀಲ್ ತೊಡಿಸಿದವಳು ನಾನು, ಗುಡಿಯ ಹೊರಗೆ ಚಪ್ಪಲಿ ಬಿಡಬೇಕೆಂಬುದನ್ನು ಮರೆತಿದ್ದೆ. ಮನೆಯಲ್ಲೇ ನೋಡಿದ್ದರೂ ಹೊಸ್ತಿಲಾಚೆ ಬಿಡಲೇಬೇಕಿತ್ತು. ನಮ್ಮ ಜನರಲ್ಲಿ ಹೀಲಿನ ಎತ್ತರ ಬಾಗಿಲವರೆಗೆ ಮಾತ್ರ ಎಂಬುದು ಅಂಗಡಿಯ ಕನ್ನಡಿಗೆ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ.

ನೀನು ಆಟೋ ಇಳಿದಾಗ ಅವರೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಬಾಗಿ ಹೀಲ್ ಕಳಚಿ ನೆಟ್ಟಗೆ ನಿಲ್ಲುವಷ್ಟರಲ್ಲಿ ಅವರ ಕಣ್ಣೆದುರಿಗೇ ಗಿಡ್ಡಾದೆ. ಅದರ ಮೇಲೆ ಆ ಸೀರೆ. ನೆರಿಗೆಯನ್ನು ನಾನೇ ಹೀಲಿನ ಎತ್ತರಕ್ಕೆ ಹಿಡಿದು ಪಿನ್ ಹಾಕಿದ್ದೆನಲ್ಲ, ಕಳಚಿದ ಕೂಡಲೇ ಅಂಚೆಲ್ಲ ಕಲ್ಲಿನ ಮೇಲೆ ಬಿತ್ತು. ನೀನು ಎರಡೂ ಕೈಯಿಂದ ಎತ್ತಿ ಹಿಡಿದು ಹಳ್ಳ ದಾಟುವವಳಂತೆ ಒಳಗೆ ಬಂದೆ. ಹುಡುಗನ ಸೋದರತ್ತೆ ಗಾದೆಮ್ಮ ಬಿಡುವವಳೇ? "ಫೋಟೊದಾಗ ಇದ್ದಾಕಿ ಎಲ್ಲಿ? ಚಪ್ಪಲಿ ಸಂಗಟ ಹೊರಗ ಬಿಟ್ಟು ಬಂದೀರೇನು?" ಎಂದಳು.

ಆಗ ನೀನು ನಕ್ಕೆ. "ಹೌದ್ರಿ, ಆಕಿಗೆ ಗುಡಿ ಒಳಗ ಬರಾಕ ಬರಂಗಿಲ್ಲ. ಅದಕ್ಕ ನಾ ಬಂದೀನಿ" ಎಂದೆ. ಹುಡುಗ ಹಂಪೇಶ್ ಬಾಯಿಗೆ ಕರವಸ್ತ್ರ ಹಿಡಿದು ನಕ್ಕ. ಗಾದೆಮ್ಮನ ಸೆರಗೂ ಬಾಯಿಗೆ ಹೋಯಿತು. ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ನಿನ್ನ ಒಂದು ಮಾತು ನನ್ನ ಸುಳ್ಳನ್ನು ತೊಳೆದು ಹಾಕಿತ್ತು.

ನಾನು ಸುಮ್ಮನಿರಲಿಲ್ಲ. "ಸಂತಿಯಾಗ ಎಮ್ಮಿ ಹಲ್ಲು ಎಣಿಸಿದಂಗ ಹೆಣ್ಣಿನ ಎತ್ತರ ಅಳೀತೀರಲ್ಲ, ನಿಮ್ಮ ಹುಡುಗನ್ನ ಯಾರು ಅಳದಾರ?" ಎಂದು ಶುರು ಮಾಡಿದವಳು, ನನ್ನ ಕೋಣೆಯ ಗೋಡೆಯ ಮೇಲಿದ್ದ ಕರಪತ್ರಗಳನ್ನೆಲ್ಲ ಅಲ್ಲಿ ಬಾಯಿಪಾಠ ಒಪ್ಪಿಸಿದೆ. ಮಂಗಳಾರತಿಗೆ ಬಂದವರೂ ನಿಂತು ಕೇಳಿದರು. ನೀನು ನನ್ನ ತೋಳು ಜಗ್ಗುತ್ತಿದ್ದೆ. ಗಾದೆಮ್ಮನ ಮುಖದಲ್ಲಿದ್ದ ನಗು ಹೋಯಿತು. "ನಡೀರಿ, ಪ್ರಸಾದ ತಗೊಂಡು ಹೋಗೂಣು" ಎಂದಷ್ಟೇ ಹೇಳಿ ಎದ್ದಳು. ಹಿಂತಿರುಗುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನಾಲ್ಕು ದಿನಕ್ಕೆ ಪಕ್ಕೀರಪ್ಪಜ್ಜ, ಎತ್ತರ ಕೂಡಿ ಬರಲಿಲ್ಲವಂತೆ ಎಂದು ಸುದ್ದಿ ತಂದ. ಅಂಥ ಮನೆ ತಪ್ಪಿದ್ದೇ ಒಳ್ಳೆಯದಾಯಿತು ಎಂದು ನಾನು ನಿನಗೆ ಹೇಳಿದೆ. ಅಂದಿನಿಂದ ನೀನು ನನ್ನೊಡನೆ ಮಾತು ಬಿಟ್ಟೆ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಹೋದ ಭಾನುವಾರ ಹಂಪೇಶ್ ನಮ್ಮ ಅಂಗಡಿಗೆ ಬಂದಿದ್ದ, ಹೆಂಡತಿಯ ಜೊತೆಗೆ. ಶಿವರಾತ್ರಿಗೆ ಮುಂಚೆ ಮದುವೆಯಾಯಿತಂತೆ. ಆಕೆ ಮುಂದಿನ ಗಾಜಿನ ಕಪಾಟಿನಲ್ಲಿಟ್ಟ ಕಿಟನ್ ಹೀಲ್ ನೋಡಿ ಒಳಗೆ ಬಂದಳು, ಅವನು ಬಾಗಿಲಲ್ಲೇ ಹಿಂದೆ ಮುಂದೆ ನೋಡಿದ. ನಾನು ನೆಲದ ಮೇಲೆ ಕೂತು ಆಕೆಯ ಕಾಲಿಗೆ ತೊಡಿಸಿದೆ. ಒಳ್ಳೆಯ ಹುಡುಗಿ. ಕಾಲು ಮುಟ್ಟಿಸಿಕೊಳ್ಳಲು ನಾಚಿ, "ನಾ ಹಾಕ್ಕೊಂತೀನಿ ಬಿಡ್ರಿ" ಎಂದಳು. ಬರಿಗಾಲಲ್ಲಿ ಅವನ ಪಕ್ಕಕ್ಕೆ ನಿಂತಾಗ ನೋಡಿದೆ. ಅವನ ಭುಜಕ್ಕೂ ಬರುವುದಿಲ್ಲ. ನಿನಗಿಂತ ಒಂದು ಬೆರಳು ಕಡಿಮೆಯೇ ಇದ್ದಾಳು.

ಹೋಗುವಾಗ ಅವನು ಮೆಲ್ಲಗೆ, "ಅಕ್ಕಾರು ಆರಾಮ ಅದಾರೇನ್ರಿ?" ಎಂದ. ಅದಾರ್ರಿ ಎಂದೆ. ಯಾರವರು ಎಂದು ಹೆಂಡತಿ ಕೇಳಿದಳು. "ಗುರ್ತಿನವರು" ಎಂದ. ಆಮೇಲೆ ಬಂದ ಗಿರಾಕಿಗೆ ನಾನು ಎಡಗಾಲಿನದ್ದನ್ನೇ ಎರಡು ಕೊಟ್ಟು ಕಳಿಸಿದೆನೆಂದು ವೆಂಕಣ್ಣ ಬೈದರು.

ಹಾಗಾದರೆ ಎತ್ತರದ ಮಾತು ಬರೀ ನೆಪ. ಸಂಬಂಧ ಮುರಿದದ್ದು ನನ್ನ ಬಾಯಿ. ನಾನು ಹೇಳಿದ್ದು ಸುಳ್ಳಲ್ಲ ಅಕ್ಕ, ಹೆಣ್ಣನ್ನು ಅಳೆಯುವುದು ತಪ್ಪೇ, ಇವತ್ತೂ ತಪ್ಪೇ ಎನ್ನುತ್ತೇನೆ. ಆದರೆ ಮೊದಲು ಅಳತೆ ಬರೆದುಕೊಟ್ಟವಳು ನಾನು. ನಿನ್ನನ್ನು ಎತ್ತರಿಸುತ್ತೇನೆಂದು ಹೊರಟು, ನೀನು ಗಿಡ್ಡಿ ಎಂದು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವಳು ನಾನೇ.

ಅವ್ವ ಫೋನಿನಲ್ಲಿ ಹೇಳಿದಳು. ನೀನು ಯಾರ ಮದುವೆಗೂ ಹೋಗುತ್ತಿಲ್ಲವಂತೆ. ಒಂದು ಮಧ್ಯಾಹ್ನ ಅವ್ವ ಅಂಗನವಾಡಿಗೆ ಬಂದಾಗ, ಮಕ್ಕಳನ್ನು ಅಳೆಯುವ ಆ ಪಟ್ಟಿಗೆ ಬೆನ್ನು ಹಚ್ಚಿ ನೀನೊಬ್ಬಳೇ ನಿಂತಿದ್ದೆಯಂತೆ. "ನನ್ನ ಮಗಳು ಹಿಂಗ ನಿಂತಿದ್ಲಲ್ಲ" ಎಂದು ಅತ್ತಳು. ಅದನ್ನು ಕೇಳಿದ ಮೇಲೆ ಗೋಡೆಯ ಕರಪತ್ರಗಳನ್ನು ಓದಲು ಹೋದೆ, ಒಂದೂ ತಲೆಗೆ ಹೋಗಲಿಲ್ಲ.

ನಿನ್ನಲ್ಲಿ ಏನೂ ಕಡಿಮೆ ಇರಲಿಲ್ಲ. ತಪ್ಪೆಲ್ಲ ನನ್ನದು, ಗುಡಿಯಲ್ಲಿ ಆಡಿದ ಮಾತಿನದು. ಅಷ್ಟನ್ನು ಒಪ್ಪಿಕೊಂಡೆ, ಇನ್ನು ನೀನು ಒಂದು ಸಲ ಫೋನ್ ಎತ್ತು.

ನಿನ್ನ ಮಾತಿಗಾಗಿ ಕಾಯುತ್ತಿರುವ,
ಅಕ್ಷತಾ

ಮರೆತು ಬಿಟ್ಟದ್ದಲ್ಲ, ಬರೆಯದೆ ಬಿಟ್ಟದ್ದು: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಭಾನುವಾರ ಬಂದದ್ದು ಹಂಪೇಶ್ ಮೊದಲ ಸಲ ಬಂದದ್ದಲ್ಲ. ದೀಪಾವಳಿಗೆ ಮುಂಚೆ, ಪಕ್ಕೀರಪ್ಪಜ್ಜ ಸುದ್ದಿ ತಂದ ವಾರಕ್ಕೇ, ನನ್ನನ್ನು ಹುಡುಕಿಕೊಂಡು ಒಬ್ಬನೇ ಬಂದಿದ್ದ. "ನಮ್ಮತ್ತಿ ಸಿಟ್ಟು ನಾ ಇಳಸ್ತೀನ್ರಿ. ಅವರ ಮನಸ್ಸಿನಾಗ ಏನೈತಿ ಅಂತ ಒಂದು ಮಾತು ಕೇಳಿ ಹೇಳ್ರಿ. ಗುಡ್ಯಾಗ ಅವರಂದ ಮಾತು ನೆನಸಿದ್ರ ಈಗ್ಲೂ ನಗು ಬರ್ತೈತಿ" ಎಂದ. ನಾನು ನಿನ್ನನ್ನು ಕೇಳಲೇ ಇಲ್ಲ. ನಿಂತಲ್ಲೇ, "ನಮ್ಮಕ್ಕಗ ಮನಸ್ಸಿಲ್ರಿ" ಎಂದೆ. ಅವನು, "ಆತು ಬಿಡ್ರಿ, ಕೇಳಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಹೋದ. ಯಾಕೆ ಹಾಗೆಂದೆ ಎಂದು ಆರು ತಿಂಗಳಿಂದ ಹುಡುಕುತ್ತಿದ್ದೇನೆ. ನಾನು ನಿನಗಾಗಿ ಅಷ್ಟು ಕೂಗಾಡಿದ್ದೆ, ನೀನು ಅವರೊಡನೆ ಸೇರಿ ನಕ್ಕುಬಿಟ್ಟಿದ್ದೆ. ನಿನಗೆ ಅನ್ಯಾಯವಾಗಿಯೇ ಇರಬೇಕೆಂದು ನನಗೆ ಬೇಕಾಗಿತ್ತು. ಅಕ್ಕ, ಕುರುಗೋಡಿನಲ್ಲಿ ನಿನ್ನನ್ನು ಬೇಡವೆಂದವರು ಇದ್ದರು, ಅವನು ಅನ್ನಲಿಲ್ಲ. ಇಷ್ಟನ್ನು ಅವ್ವನಿಗೆ ನೀನೇ ಓದಿ ಹೇಳು. ಫೋನ್ ಎತ್ತಬೇಕೆಂದು ಮೇಲೆ ಬರೆದಿದ್ದೇನಲ್ಲ, ಆ ಸಾಲನ್ನು ಹೊಡೆದು ಹಾಕು.