ಅಂಬರೇಖ ಕಂಪನಿಯ ಪುಟ ಬರೆಯುವವರಿಗೆ

ಗಾಳಿತಿಂಗಳ ಮೂವತ್ತೆಂಟನೇ ದಿನ, ಉಪ್ಪುಬಾವಿಯ ಎರಡನೇ ವರ್ಷ
ಶೆಡ್ಡುದಿಬ್ಬದ ಕೆಳಗಿನ ಊರು

ವಿಶ್ವಕೋಶದಲ್ಲಿ ಕಂಪನಿಗಳ ಬಗ್ಗೆ ಬರೆಯಲು ಈಗಷ್ಟೇ ತೊಡಗಿರುವ ಸ್ವಯಂಸೇವಕರೇ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ತಿಂಗಳುಗಳು ಹವೆಯನ್ನು ಅನುಸರಿಸುತ್ತವೆ. ಗಾಳಿ ನಿಲ್ಲುವವರೆಗೆ ಗಾಳಿತಿಂಗಳು ಮುಗಿಯುವುದಿಲ್ಲ. ನಿಮ್ಮಿಂದ ಸುಮಾರು ಮುನ್ನೂರು ವರ್ಷ ಮುಂದೆ ಕೂತು ಬರೆಯುತ್ತಿದ್ದೇನೆ ಎಂದುಕೊಳ್ಳಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಪುಸ್ತಕಗಳಿಂದ, ಅದರಲ್ಲೂ ಹೆಚ್ಚಾಗಿ ಬೇರೆ ಭಾಷೆಗಳಿಂದ ನಿಮ್ಮವರು ಅನುವಾದಿಸಿದ ಕಾದಂಬರಿಗಳಿಂದ. ಅವುಗಳಲ್ಲಿ ಗೊತ್ತಿಲ್ಲದ ಪದ ಎದುರಾದರೆ ನಾನು ನಿಲ್ಲುವುದಿಲ್ಲ. ಒಂದು ಕಡೆ ಸಮೋವರ ಎಂಬ ಪದ ಬಂತು. ಎರಡು ಪುಟ ಕಳೆದ ಮೇಲೆ ಯಾರೋ ಒಬ್ಬಳು ಅದರಿಂದ ಚಹಾ ಬಗ್ಗಿಸಿದಳು, ಬೆರಳು ಸುಟ್ಟುಕೊಂಡಳು. ಅಷ್ಟರಲ್ಲಿ ನನಗೆ ಬೇಕಾದದ್ದೆಲ್ಲ ತಿಳಿಯಿತು. ಅಂಬರೇಖ ಇಂಡಸ್ಟ್ರೀಸ್ ಎಂಬ ಕಂಪನಿಯ ಬಗ್ಗೆ ನಿಮ್ಮ ವಿಶ್ವಕೋಶದಲ್ಲಿರುವ ಪುಟವನ್ನೂ ಅದೇ ನಂಬಿಕೆಯಿಂದ ಓದಿದೆ. ಕೊನೆ ಮುಟ್ಟಿದರೂ ತಿಳಿಯಲಿಲ್ಲ. ಎಷ್ಟು ಸಲ ಓದಿದರೂ ತಿಳಿಯಲಿಲ್ಲ. ತಪ್ಪು ನನ್ನದೋ ಪುಟದ್ದೋ ಎಂಬುದೂ ನನಗೆ ಸ್ಪಷ್ಟವಿಲ್ಲ.

ಮೊದಲು ನಮ್ಮ ಊರು ಹೇಗಿದೆ ಎಂದು ಹೇಳಬೇಕು. ನಾವು ನಸುಕಿನಲ್ಲಿ ಮತ್ತು ಸಂಜೆ ಮಾತ್ರ ಹೊರಗೆ ಕೆಲಸ ಮಾಡುತ್ತೇವೆ. ನಡುವಿನ ಸುಡುಹೊತ್ತಿಗೆ ‘ಬಾಗಿಲು’ ಎಂದು ಹೆಸರು, ಯಾಕೆಂದರೆ ಆಗ ಎಲ್ಲರ ಮನೆ ಬಾಗಿಲೂ ಹಾಕಿರುತ್ತದೆ. ಯಾರನ್ನಾದರೂ ಕರೆಯುವಾಗ ‘ಬಾಗಿಲು ಕಳೆದ ಮೇಲೆ ಬಾ’ ಎನ್ನುತ್ತೇವೆ. ನವಣೆ, ಹುರುಳಿ, ಒಂದಿಷ್ಟು ನುಗ್ಗೆ ಬೆಳೆಯುತ್ತೇವೆ. ನಿಮ್ಮ ಕಾಲದ ಕರೆಂಟಿನ ಗೋಪುರಗಳು ಇನ್ನೂ ನಿಂತಿವೆ. ಅವುಗಳ ನಡುವೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಅದಕ್ಕೆ ಹಿಡಿದ ಮಂಜನ್ನು ಕೊಡಗಳಿಗೆ ಇಳಿಸಿಕೊಳ್ಳುತ್ತೇವೆ. ಇದು ಮಂಜುಬಲೆ. ಚಳಿಯಲ್ಲಿ ಕುಡಿಯಲು ಸಾಕಾಗುತ್ತದೆ, ಗಾಳಿತಿಂಗಳಲ್ಲಿ ಬಲೆ ಹರಿಯುತ್ತದೆ. ಉಳಿದದ್ದಕ್ಕೆಲ್ಲ ಒಂದು ಬಾವಿ ಇತ್ತು. ಹೋದ ವರ್ಷ ಅದರ ನೀರು ಉಪ್ಪಾಯಿತು. ಮೇಲುಗೇರಿಯವರಿಗೆ ಬಲೆಗಳಿವೆ, ಹೇಗೋ ದಿನ ತಳ್ಳುತ್ತಾರೆ. ಕೆಳಗೇರಿಯವರಿಗೆ ಬಾವಿಯೊಂದೇ ಗತಿಯಾಗಿತ್ತು. ಹೊಸ ಬಾವಿ ಆಗದಿದ್ದರೆ ಅವರು ಊರು ಬಿಡಬೇಕು.

ಬಾವಿ ತೋಡುವ ಓಬಕ್ಕನ ಮನೆ ಇರುವುದೂ ಕೆಳಗೇರಿಯಲ್ಲೇ. ಶೆಡ್ಡುದಿಬ್ಬದಲ್ಲಿ ನೀರಿದೆ ಎಂದು ಅವಳು ಹೇಳಿದಳು, ಯಾರೂ ಅನುಮಾನಪಡಲಿಲ್ಲ. ಆ ದಿಬ್ಬದ ಮೇಲೆ ಈಗ ಇರುವುದು ಒಡೆದ ಸಿಮೆಂಟು ನೆಲ ಮತ್ತು ‘ಅಂಬರೇಖ’ ಎಂದು ಕೆತ್ತಿದ ಒಂದು ಕಲ್ಲು. ನಮ್ಮಲ್ಲಿ ನೆಲದೋದು ಎಂಬ ಪದ್ಧತಿ ಇದೆ. ನೆಲ ಅಗೆಯುವ ಮೊದಲು, ಅಲ್ಲಿ ಹಿಂದೆ ಯಾರಿದ್ದರು, ಏನು ಮಾಡುತ್ತಿದ್ದರು ಎಂದು ಬರೆದಿರುವುದನ್ನು ಊರಿನ ಮುಂದೆ ಗಟ್ಟಿಯಾಗಿ ಓದಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಪಕ್ಕದ ಊರಿನವರು ಓದದೆ ಅಗೆದರು. ಆ ಊರು ಈಗ ಇಲ್ಲ. ಓದುವ ಕೆಲಸ ನನ್ನದು. ನಿಮ್ಮ ವಿಶ್ವಕೋಶದ ಒಂದು ಪ್ರತಿ ನಮ್ಮಲ್ಲಿ ಒಣಪೆಟ್ಟಿಗೆಯಲ್ಲಿ ಉಳಿದಿದೆ, ಅಂದರೆ ತೇವ ತಾಗದಂತೆ ಯಾರೋ ಪುಣ್ಯಾತ್ಮರು ಮುಚ್ಚಿಟ್ಟ ಯಂತ್ರದಲ್ಲಿ. ಪತ್ರಿಕೆಗಳು, ಜಾಲತಾಣಗಳು, ಸರ್ಕಾರದ ಕಡತಗಳು ಯಾವುವೂ ಉಳಿದಿಲ್ಲ. ನೀವು ಬರೆದದ್ದು ಮಾತ್ರ ಉಳಿದಿದೆ.

ಮೊನ್ನೆ ಬಾಗಿಲು ಕಳೆದ ಮೇಲೆ ಎಲ್ಲರೂ ಗೋಪುರದ ಬುಡದಲ್ಲಿ ಕೂತರು. ‘ಅಂಬರೇಖ ಇಂಡಸ್ಟ್ರೀಸ್ ತನ್ನ ಕ್ಷೇತ್ರದ ಮುಂಚೂಣಿಯ ಸಂಸ್ಥೆಯಾಗಿದೆ’ ಎಂದು ಶುರುಮಾಡಿದೆ. ಊರಿನ ಹಿರಿಯ ಗಾದ್ರಪ್ಪ ಕೈ ಎತ್ತಿ, “ಯಾವ ಕ್ಷೇತ್ರ?” ಅಂದ. ಮುಂದೆ ಬರುತ್ತದೆ ಎಂದೆ. ನನಗೆ ಕಾದಂಬರಿಯ ಅಭ್ಯಾಸ. ಮುಂದೆ ಬಂದದ್ದು, ‘ಗುಣಮಟ್ಟವೇ ನಮ್ಮ ಉಸಿರು, ಗ್ರಾಹಕರ ನಗುವೇ ನಮ್ಮ ಗುರಿ.’ ಓಬಕ್ಕನ ಅತ್ತೆ ಪಾಪಜ್ಜಿ ಮುಂದೆ ಬಾಗಿ, “ಯಾರ ಉಸಿರೇ ಅದು, ನಿಂದಾ?” ಎಂದು ಕೇಳಿದಳು. ಜನ ನಕ್ಕರು. ನನಗೆ ಅವಳ ಪ್ರಶ್ನೆ ಸರಿಯೆನಿಸಿತು. ನೀವು ಕಂಪನಿಯವರಲ್ಲ, ಸಂಬಳವಿಲ್ಲದೆ ಬರೆಯುವವರು ಎಂದು ಓದಿದ್ದೇನೆ. ಹಾಗಿದ್ದ ಮೇಲೆ ‘ನಮ್ಮ’ ಎಂದವರು ಯಾರು? ಕಂಪನಿಯ ಕರಪತ್ರವನ್ನು ಯಾರಾದರೂ ಹಾಗೇ ಎತ್ತಿ ಅಂಟಿಸಿದರೇ? ಅಥವಾ ಕಂಪನಿಯ ಒಳಗಿನವರೇ ಹೇಳದೆ ಬಂದು ಬರೆದರೇ?

ಆಮೇಲೆ ಸಂಸ್ಥಾಪಕರ ಬಾಲ್ಯ ಬಂತು, ಅವರ ಶಿಸ್ತು ಬಂತು, ಉದ್ದಕ್ಕೆ ಪ್ರಶಸ್ತಿಗಳು ಬಂದವು. ಅವುಗಳ ಅಡಿಟಿಪ್ಪಣಿಗಳೆಲ್ಲ ಕಂಪನಿಯ ಸ್ವಂತ ಜಾಲತಾಣಕ್ಕೇ ಬೆರಳು ಮಾಡಿದ್ದವು. ಓಬಕ್ಕನಿಗೆ ತಾಳ್ಮೆ ಹೋಯಿತು. “ಆವಯ್ಯ ಹುಟ್ಟಿದ್ದು, ಓದಿದ್ದು, ಹಾರ ಹಾಕಿಸ್ಕಂಡಿದ್ದು ಎಲ್ಲಾ ಬರ್ದವ್ರೆ. ಮಾಡಿದ್ದೇನು ಅಂತ ಬರ್ದಿಲ್ವಲ್ಲವ್ವ!” ಅಂದಳು. ಕೊನೆಯ ಭಾಗ ಬೇರೆಯವರ ಕೈಯದು ಎಂದು ಧಾಟಿಯಿಂದಲೇ ತಿಳಿಯುತ್ತಿತ್ತು: ‘ಇದು ಕಳ್ಳರ ಕಂಪನಿ. ಇಡೀ ತಾಲ್ಲೂಕನ್ನು ಹಾಳು ಮಾಡಿದರು.’ ಗಾದ್ರಪ್ಪ ನಿಧಾನಕ್ಕೆ, “ಹಾಳು ಅಂದ್ರೆ ಹೆಂಗೆ? ನೀರ್ ಹಾಳ್ ಮಾಡಿದ್ರೋ, ದುಡ್ಡು ತಿಂದ್ರೋ?” ಎಂದ. ಅದಕ್ಕೆ ಅಡಿಟಿಪ್ಪಣಿಯೇ ಇರಲಿಲ್ಲ. ಹೊಗಳಿದವರು ಏನೂ ಹೇಳಲಿಲ್ಲ ಎಂದುಕೊಂಡಿದ್ದೆವು. ಬೈದವರೂ ಏನೂ ಹೇಳಿರಲಿಲ್ಲ.

ಈ ಎರಡರ ನಡುವೆ ಒಂದು ವಾಕ್ಯ ಇದೆ. ಪೂರ್ತಿ ಬರೆಯುತ್ತೇನೆ: ‘೧೯೯೮ರಲ್ಲಿ ಸಂಸ್ಥೆಯು ಹಳೆಯ ಬ್ಯಾಟರಿಗಳ ಸೀಸ ಕರಗಿಸುವ ಘಟಕವನ್ನು ನಾಗಲೂರಿಗೆ ಸ್ಥಳಾಂತರಿಸಿತು, ನೀರಿನ ಟ್ಯಾಂಕ್ ತಯಾರಿಸುವ ಘಟಕ ಇದ್ದಲ್ಲೇ ಮುಂದುವರಿಯಿತು.’ ಇಡೀ ಪುಟದಲ್ಲಿ ಹೊಗಳಿಕೆಯೂ ಬೈಗುಳವೂ ಇಲ್ಲದ ವಾಕ್ಯ ಇದೊಂದೇ. ಅಡಿಟಿಪ್ಪಣಿಯಲ್ಲಿ ಒಂದು ಜಿಲ್ಲಾ ಪತ್ರಿಕೆಯ ಹೆಸರು, ತಾರೀಖು ಇವೆ. ಕಂಪನಿಗೆ ಆಗ ಎರಡು ಜಾಗಗಳಿದ್ದವು ಎಂದು ಪುಟದ ಬದಿಯ ಚೌಕದಲ್ಲಿದೆ: ನಮ್ಮ ದಿಬ್ಬ, ಮತ್ತು ಈಗ ಬತ್ತಿರುವ ಹೊಳೆಯಾಚೆಯ ಕಡಬನಕಟ್ಟೆ. ಬ್ಯಾಟರಿ ಘಟಕ ಎಲ್ಲಿಗೆ ಹೋಯಿತು ಎಂದು ಬರೆದಿದ್ದೀರಿ. ಎಲ್ಲಿಂದ ಹೋಯಿತು ಎಂದು ಬರೆದಿಲ್ಲ. ನಮ್ಮ ದಿಬ್ಬದಲ್ಲಿ ಟ್ಯಾಂಕ್ ಮಾಡುತ್ತಿದ್ದರೆ ನಾಳೆಯೇ ಅಗೆಯಬಹುದು. ಸೀಸ ಕರಗಿಸುತ್ತಿದ್ದರೆ ಅದು ಇನ್ನೂ ಆ ಮಣ್ಣಿನಲ್ಲೇ ಇರಬಹುದು. ನೀರಿಗೆ ಸೀಸ ಇಳಿದರೆ ಬಾಯಿಗೆ ಗೊತ್ತಾಗುವುದಿಲ್ಲ. ಅಳೆಯುವ ಸಾಧನ ನಮ್ಮಲ್ಲಿಲ್ಲ. ಗೊತ್ತಾಗುವುದು ಮಕ್ಕಳಲ್ಲಿ, ಅದೂ ತಡವಾಗಿ.

ಆ ವಾಕ್ಯ ಬರೆದವರ ಬಗ್ಗೆ ನನಗೆ ಗೌರವವಿದೆ, ಸಿಟ್ಟೂ ಇದೆ. ಅವರು ಪತ್ರಿಕೆಯನ್ನು ಎದುರಿಗೆ ಇಟ್ಟುಕೊಂಡಿದ್ದರು. ಬಹುಶಃ ಆಗ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಎಂದು ಬಿಟ್ಟಿರಬೇಕು. ಬೇಕಾದವರು ಪತ್ರಿಕೆ ತೆಗೆದು ನೋಡಿಕೊಳ್ಳುತ್ತಾರೆ ಎಂದೂ ಅಂದುಕೊಂಡಿರಬಹುದು.

ಪದ್ಧತಿಯ ಪ್ರಕಾರ ಕೊನೆಯ ಮಾತು ತೋಡುವವಳದ್ದು. ಓಬಕ್ಕ ಆ ವಾಕ್ಯವನ್ನು ನನ್ನಿಂದ ಮೂರು ಸಲ ಓದಿಸಿದಳು. “ಇದ್ದಲ್ಲೇ ಅಂದ್ರೆ ಎಲ್ಲಿ ಅಂತ ಇನ್ನೊಂದ್ಸಲ ನೋಡಕ್ಕ” ಎಂದಳು. ನೋಡಿದೆ, ಇರಲಿಲ್ಲ. ಬೇಡುವ ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಟ್ಯಾಂಕೇ ಇರಬೇಕು ಎಂದು ನಾನು ಹೇಳಿಬಿಟ್ಟಿದ್ದರೆ ಅವಳು ಅಗೆಯುತ್ತಿದ್ದಳೋ ಏನೋ. ಹೇಳಲಿಲ್ಲ. ಅವಳು ಎದ್ದು ಸೆರಗು ಕೊಡವಿ, “ಗೊತ್ತಿಲ್ದಿರೋ ನೀರ್ನ ಎತ್ತಿ ಮಕ್ಕಳ ಬಾಯಿಗೆ ಬಿಡಾಕಿಲ್ಲ ನಾನು” ಅಂದಳು. ಪಾಪಜ್ಜಿ ಅಲ್ಲೇ ಅಳಲು ಶುರುಮಾಡಿದಳು. ಇವತ್ತು ನಸುಕಿನಲ್ಲಿ ಕೆಳಗೇರಿ ಖಾಲಿಯಾಯಿತು. ದಿಬ್ಬದ ಕೆಳಗೆ ಒಳ್ಳೆಯ ನೀರೇ ಇದ್ದು, ಅವರು ಸುಮ್ಮನೆ ಹೋದರೋ ಏನೋ, ನನಗೆ ತಿಳಿಯದು.

ನಿಮಗೆ ಬುದ್ಧಿ ಹೇಳುವಷ್ಟು ನಿಮ್ಮ ಕೆಲಸವನ್ನು ನಾನು ಬಲ್ಲವಳಲ್ಲ. ಕೇಳುವುದು ಮಾತ್ರ ಗೊತ್ತು. ಕಂಪನಿ ಏನು ಮಾಡುತ್ತಿತ್ತು, ಎಲ್ಲಿ, ಎಷ್ಟು ಕಾಲ, ಅಲ್ಲಿಂದ ಏನು ಹೊರಗೆ ಹೋಯಿತು, ಏನು ಅಲ್ಲೇ ಉಳಿಯಿತು ಎಂಬುದನ್ನು ಮೊದಲು ಬರೆಯಿರಿ. ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದಕ್ಕಿಂತ, ಅದರ ಹಂಗಿಲ್ಲದವರು ನೋಡಿ ಬರೆದದ್ದನ್ನು ಆಧಾರವಾಗಿ ಹಿಡಿಯಿರಿ. ಅಂಥದ್ದು ಒಂದೂ ಸಿಗದಿದ್ದರೆ ಆ ಪುಟ ಇಲ್ಲದಿದ್ದರೂ ನಡೆಯುತ್ತದೆ. ನೀವು ಆ ಕಂಪನಿಯ ಸಂಬಳ ಪಡೆಯುವವರಾಗಿದ್ದರೆ ಹಾಗೆಂದು ಹೇಳಿಕೊಳ್ಳಿ, ನಾವು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದುತ್ತೇವೆ. ಅವರ ಮೇಲೆ ಕೋಪವಿದ್ದರೂ ಸರಿ, ಏನು ಹಾಳಾಯಿತು ಎಂದು ಹೇಳಿ, ಯಾರು ನೋಡಿದರು ಎಂದು ಹೇಳಿ. ಅಡಿಟಿಪ್ಪಣಿ ಕೊಟ್ಟೆವಲ್ಲ ಎಂದು ವಿಷಯವನ್ನೇ ಅದರ ಹಿಂದೆ ಬಿಟ್ಟು ಬರಬೇಡಿ.

ಇನ್ನೊಂದು ಸಂಗತಿ ಇದೆ, ಅದು ನನಗೇ ಅರ್ಥವಾಗಿಲ್ಲ. ಪ್ರತಿ ಪುಟದ ಬೆನ್ನಿಗೆ ‘ಚರ್ಚೆ’ ಎಂಬ ಖಾಲಿ ಪುಟವೊಂದಿದೆ, ಅಲ್ಲಿ ಬರೆಯಬಹುದು. ಈ ಕಾಗದವನ್ನು ಅಲ್ಲೇ ಬರೆಯುತ್ತಿದ್ದೇನೆ. ಹಿಂದೆ ಒಮ್ಮೆ ಬೇರೆ ಪುಟವೊಂದರ ಚರ್ಚೆಯಲ್ಲಿ ಒಂದು ಇಸವಿಯ ಬಗ್ಗೆ ಅನುಮಾನ ಬರೆದಿದ್ದೆ. ಕೆಲವು ದಿನಗಳ ಮೇಲೆ ನೋಡಿದರೆ ಇಸವಿ ಬದಲಾಗಿತ್ತು. ಮೊದಲ ಸಲ ನೀನೇ ತಪ್ಪು ಓದಿರಬೇಕು ಎಂದು ಗಾದ್ರಪ್ಪ ಹೇಳುತ್ತಾನೆ. ಇರಬಹುದು, ಆದರೆ ನಾನು ಸಾಮಾನ್ಯವಾಗಿ ತಪ್ಪು ಓದುವುದಿಲ್ಲ. ಆದ್ದರಿಂದ ಆ ವಾಕ್ಯ ಬರೆದವರು ನಿಮ್ಮಲ್ಲಿ ಯಾರಾದರೂ ಆಗಿದ್ದರೆ, ಪತ್ರಿಕೆ ಇನ್ನೂ ನಿಮ್ಮ ಕೈಗೆ ಸಿಗುವಂತಿದ್ದರೆ, ದಯವಿಟ್ಟು ಬ್ಯಾಟರಿ ಘಟಕ ಎಲ್ಲಿಂದ ಹೋಯಿತೋ ಆ ಊರಿನ ಹೆಸರು ಸೇರಿಸಿ. ಯಾವ ಹೆಸರಾದರೂ ಸರಿ, ನಿಜವಾಗಿದ್ದರೆ ಸಾಕು. ನಾಳೆ ಬೆಳಿಗ್ಗೆ ಪುಟ ತೆರೆದು ನೋಡುತ್ತೇನೆ. ಓಬಕ್ಕನ ಕಡೆಯವರು ಸಾಮಾನು ಹೊತ್ತಿದ್ದಾರೆ, ಪಾಪಜ್ಜಿಯನ್ನೂ ಕರೆದುಕೊಂಡು ಹೋಗಿದ್ದಾರೆ, ನಿಧಾನಕ್ಕೆ ನಡೆಯುತ್ತಾರೆ. ಬೇಗ ಹೊರಟರೆ ನಾನು ಅವರನ್ನು ಹಿಡಿಯಬಲ್ಲೆ.

ಚೆನ್ನಾಜಮ್ಮ
ನೆಲದೋದಿನವಳು