ಇಂಚರ ತಾನಾಗಿ ಮಲಗಿದ್ದಲ್ಲ

ರೂಪ,

ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಸೌದೆ ತರಲು ಹುಣಸೂರಿಗೆ ಹೊರಟೆ; ಸಂಜೆಗೆ ಬರುತ್ತೇನೆ.

ನಿನ್ನೆ ರಾತ್ರಿ ನೀನು "ಮಗು ಅಳ್ದೆ ತಾನಾಗೇ ಮಲಗವ್ಳೆ ಕಣತ್ತೆ" ಎಂದು ಅವ್ವನ ಮುಂದೆ ಹಿಗ್ಗಿದಾಗ ನಾನು ಒಲೆ ನೋಡುವ ನೆಪದಲ್ಲಿ ಎದ್ದು ಹೋದೆ. ನೀನು ಹಿತ್ತಲಲ್ಲಿ ಪಾತ್ರೆ ತೊಳೆಯುವಷ್ಟರಲ್ಲಿ ಇಂಚರಳನ್ನು ಬ್ಯಾರನ್ ಹತ್ತಿರ ಎತ್ತಿಕೊಂಡು ಹೋಗಿ, ಒಲೆಯ ಕಾವಿನಲ್ಲಿ ತೊಡೆ ಮೇಲೆ ಮಲಗಿಸಿ, ತಂದು ಹಾಸಿಗೆಗೆ ಹಾಕಿದ್ದೆ. ಹೊಗೆಸೊಪ್ಪು ಬೇಯಿಸುತ್ತಾ ಈ ಅಭ್ಯಾಸ ಹಿಡಿಸಿದವನೂ ನಾನೇ. ಬಿಡಿಸಲು ನೀನು ಐದು ರಾತ್ರಿ ಪಟ್ಟ ಪಾಡನ್ನು ಕೆಡಿಸಿದವನೂ ನಾನೇ.

ಮಧ್ಯಾಹ್ನ ಮೂರರ ಮೇಲೆ ಅವಳಿಗೆ ನಿದ್ದೆ ಮಾಡಲು ಬಿಡಬೇಡ. ಇವತ್ತು ರಾತ್ರಿ ಎಂಟಕ್ಕೆ ದೀಪ ಆರಿಸಿ ನಾನೇ ಪಕ್ಕ ಮಲಗುತ್ತೇನೆ. ಬ್ಯಾರನ್ ಒಲೆ ನೀನು ನೋಡಿಕೊ.

"ಅಪ್ಪ, ಬೆಂಕಿ ತಾವ್ಕೆ ಓಗಾಣ" ಅಂತ ಅವಳು ಎಷ್ಟೇ ಅತ್ತರೂ ಒಳಗೆ ಬರಬೇಡ. ಆ ಅಳು ಒಂದು ರಾತ್ರಿಯಾದರೂ ನಾನು ಕೇಳಬೇಕು.

ಯತೀಶ